ಹತ್ತಿದ ಗೇರಿನಲ್ಲೇ ಇಳಿಯಬೇಕು: ಇಳಿಜಾರಿನ ಓಟ ಮತ್ತು ನಮ್ಮ ಮಂಡಿ

(ಚಿಕ್ಕಬಳ್ಳಾಪುರದಲ್ಲಿ ಒಂದು ಭಾನುವಾರ ಬೆಳಿಗ್ಗೆ, ಓಟದ ಗೆಳೆಯರು ಮತ್ತು ಪೊಲೀಸ್ ನೇಮಕಾತಿಗೆ ತಯಾರಾಗುತ್ತಿರುವ ಹುಡುಗ ಹುಡುಗಿಯರ ಮುಂದೆ ಆಡಿದ ಮಾತುಗಳು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಕೊನೆಯ ಪ್ರಶ್ನೋತ್ತರದಲ್ಲಿ ಮುಖ್ಯವಾದದ್ದನ್ನು ಮಾತ್ರ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಈ ಚಳಿಯಲ್ಲಿ ಎದ್ದು ಬಂದಿದ್ದೀರಿ, ಅದಕ್ಕೇ ಮೊದಲು ಸ್ವಲ್ಪ ಮೈ ಬಿಸಿ ಮಾಡೋಣ. ಕೈ ಎತ್ತಿ. ನಂದಿ ಬೆಟ್ಟವನ್ನು ಒಂದು ಸಲವಾದರೂ ಕಾಲಿನಲ್ಲಿ ಹತ್ತಿದವರು ಯಾರು? ಹೆಚ್ಚು ಕಡಿಮೆ ಎಲ್ಲರೂ. ಸರಿ. ಇಳಿದು ಬಂದ ಮೇಲೆ ಎರಡು ದಿನ ಕಕ್ಕಸಿನಲ್ಲಿ ಕೂರುವುದಕ್ಕೆ ಗೋಡೆ ಹಿಡಿದುಕೊಂಡವರು? ನಗಬೇಡಿ. ನೋಡಿ, ನಾನೂ ಕೈ ಎತ್ತಿದ್ದೇನೆ.

ನನ್ನ ಕಥೆಯಿಂದಲೇ ಶುರು ಮಾಡುತ್ತೇನೆ. ಹನ್ನೆರಡು ವರ್ಷದ ಹಿಂದಿನ ಮಾತು. ಆಗಲೇ ನಾನು ಫಿಸಿಯೋಥೆರಪಿ ಮಾಡುತ್ತಿದ್ದೆ. ದಿನಾ ಹತ್ತಾರು ಜನರ ಮಂಡಿ ಹಿಡಿದು ನೋಡಿ, ಬುದ್ಧಿ ಹೇಳಿ ಕಳಿಸುತ್ತಿದ್ದೆ. ಒಂದು ದಿನ ಬೆಳಿಗ್ಗೆ ನಂದಿ ರಸ್ತೆಯಲ್ಲಿ ಮೇಲಕ್ಕೆ ಓಡಿದೆ. ಓಡಿದೆ ಅನ್ನುವುದಕ್ಕಿಂತ ಅರ್ಧ ನಡೆದೆ, ಅರ್ಧ ತೆವಳಿದೆ ಅನ್ನಬೇಕು. ಮೇಲೆ ಹೋದವನೇ ಒಂದು ಟೀ ಕುಡಿದೆ. ಕೆಳಗೆ ಮೋಡ, ತಣ್ಣನೆ ಗಾಳಿ. ಉಸಿರು ಸಮ ಆಯಿತು. ಇಳಿಯುವುದಕ್ಕೆ ಶುರು ಮಾಡಿದಾಗ ಕಾಲು ತಾನಾಗಿ ಓಡುತ್ತಿತ್ತು. ನನ್ನ ಜೀವಮಾನದಲ್ಲೇ ಅಷ್ಟು ಜೋರಾಗಿ ಓಡಿರಲಿಲ್ಲ. ಏದುಸಿರು ಕೂಡ ಇಲ್ಲ! ನಾನೇನೋ ಭಾರಿ ಓಟಗಾರ ಅಂದುಕೊಂಡೆ.

ಅವತ್ತು ರಾತ್ರಿ ಏನೂ ಆಗಲಿಲ್ಲ. ಮಾರನೇ ದಿನ ತೊಡೆ ಬಿಗಿಯಿತು. ಮೂರನೇ ದಿನ ಕ್ಲಿನಿಕ್ಕಿನ ಮೂರು ಮೆಟ್ಟಿಲನ್ನು ಅಡ್ಡಡ್ಡ ತಿರುಗಿಕೊಂಡು ಇಳಿದೆ. ಬಂದಿದ್ದ ಪೇಷಂಟ್ ಒಬ್ಬರು, ಅರವತ್ತು ದಾಟಿದ ತಾಯಿ, "ಏನು ಡಾಕ್ಟ್ರೇ, ನಿಮಗೂ ಗ್ರೀಸ್ ಖಾಲಿಯಾಯ್ತಾ?" ಅಂದರು. ತೊಡೆ ನೋವು ಐದು ದಿನದಲ್ಲಿ ಹೋಯಿತು. ಆದರೆ ಎಡಮಂಡಿಯ ಚಿಪ್ಪಿನ ಹಿಂದೆ ಒಂದು ಮೊಂಡು ನೋವು ಉಳಿಯಿತು. ಮೆಟ್ಟಿಲು ಇಳಿಯುವಾಗ, ಜಾಸ್ತಿ ಹೊತ್ತು ಕೂತು ಏಳುವಾಗ ಬರುತ್ತಿತ್ತು. ಅದು ಬಿಡುವುದಕ್ಕೆ ಎರಡು ತಿಂಗಳು ಹಿಡಿಯಿತು.

ನಾನು ಮಾಡಿದ ತಪ್ಪು ಒಂದೇ. ಮೈಗೆ ಎಷ್ಟು ಕೆಲಸ ಬೀಳುತ್ತಿದೆ ಅಂತ ಉಸಿರನ್ನು ಕೇಳಿದೆ. ಹತ್ತುವಾಗ ಉಸಿರು ಸರಿಯಾದ ಲೆಕ್ಕ ಕೊಡುತ್ತದೆ. ಇಳಿಯುವಾಗ ಅದು ಸುಳ್ಳು ಹೇಳುತ್ತದೆ. ಇವತ್ತು ನಾನು ಹೇಳಬೇಕು ಅಂತ ಬಂದದ್ದು ಇಷ್ಟೇ. ಮಿಕ್ಕಿದ್ದೆಲ್ಲ ಇದು ಯಾಕೆ ಹೀಗೆ ಅನ್ನುವ ವಿವರ.

ಮೊದಲು ಮಂಡಿ ಒಳಗೆ ಏನಿದೆ ನೋಡೋಣ. ಮೇಲೆ ತೊಡೆಮೂಳೆ, ಕೆಳಗೆ ಕಾಲಿನ ಮೂಳೆ, ಮುಂದೆ ಚಿಪ್ಪು. ಮೇಲಿನ ಮೂಳೆಗೂ ಕೆಳಗಿನ ಮೂಳೆಗೂ ನಡುವೆ ಅರ್ಧಚಂದ್ರದ ಆಕಾರದ ಎರಡು ಮೆತ್ತೆಗಳಿವೆ. ಅವಕ್ಕೆ ಮೆನಿಸ್ಕಸ್ ಅಂತಾರೆ. ಮೂಳೆಗಳ ತುದಿಗೆ ಕಾರ್ಟಿಲೇಜ್ ಅನ್ನುವ ನುಣುಪು ಹೊದಿಕೆ. ಮೂಳೆ ಮೂಳೆಯನ್ನು ಕಟ್ಟಿ ಹಿಡಿಯುವ ಹುರಿಗಳು ಲಿಗಮೆಂಟು. ನಮ್ಮ ಕಡೆ ಇದೆಲ್ಲಕ್ಕೂ ಒಂದೇ ಹೆಸರು, "ನರ". "ನರ ಹಿಡ್ಕೊಂಡಿದೆ" ಅಂತ ಬರುವವರಲ್ಲಿ ಹೆಚ್ಚಿನವರಿಗೆ ನರದ ತೊಂದರೆ ಇರುವುದೇ ಇಲ್ಲ. ಇರಲಿ.

ಇವತ್ತಿನ ಕಥಾನಾಯಕ ಚಿಪ್ಪು. ಸೇದುವ ಬಾವಿಯ ರಾಟೆ ನೆನಪಿಸಿಕೊಳ್ಳಿ. ನಮ್ಮ ಜಿಲ್ಲೆಯಲ್ಲಿ ಬಾವಿಗಳು ಬತ್ತಿ ಬೋರ್‌ವೆಲ್‌ಗಳೇ ಸಾವಿರ ಅಡಿ ದಾಟಿವೆ, ಚಿಕ್ಕವರು ರಾಟೆ ನೋಡಿರುವುದೇ ಅನುಮಾನ. ನೋಡಿಲ್ಲದವರು ಅಜ್ಜಿಯನ್ನು ಕೇಳಿ. ತೊಡೆಯ ಮುಂದಿನ ಮಾಂಸಖಂಡ ಹಗ್ಗ. ಚಿಪ್ಪು ರಾಟೆ. ಹಗ್ಗ ಚಿಪ್ಪಿನ ಮೇಲಿಂದ ಹಾದು ಕೆಳಗಿನ ಮೂಳೆಗೆ ಕಟ್ಟಿಕೊಂಡಿದೆ. ಕಾಲು ನೆಟ್ಟಗಿದ್ದಾಗ ಹಗ್ಗವೂ ನೆಟ್ಟಗೆ ಹೋಗುತ್ತದೆ, ರಾಟೆಯ ಮೇಲೆ ಒತ್ತಡ ಕಮ್ಮಿ. ಮಂಡಿ ಮಡಿಸಿದಷ್ಟೂ ಹಗ್ಗ ಬಾಗುತ್ತದೆ, ಚಿಪ್ಪನ್ನು ತೊಡೆಮೂಳೆಯ ಮೇಲೆ ಒತ್ತುತ್ತದೆ. ಸಮತಟ್ಟಿನಲ್ಲಿ ನಡೆಯುವಾಗ ಈ ಒತ್ತಡ ಮೈತೂಕದ ಅರ್ಧದಷ್ಟು. ಮೆಟ್ಟಿಲಿನ ಮೇಲೆ ಮೈತೂಕದ ಮೂರು ಪಟ್ಟಿಗಿಂತ ಜಾಸ್ತಿ. ಪೂರ್ತಿ ಕುಕ್ಕರುಗಾಲಲ್ಲಿ ಕೂತು ಏಳುವಾಗ ಏಳು ಪಟ್ಟು ದಾಟುತ್ತದೆ. ಇದು 1970ರ ದಶಕದಿಂದ ನಮ್ಮ ಪಠ್ಯಪುಸ್ತಕಗಳಲ್ಲಿ ಇರುವ ಲೆಕ್ಕ. ಅರವತ್ತು ಕಿಲೋ ತೂಗುವವರು ಮೆಟ್ಟಿಲು ಇಳಿಯುವಾಗ ಚಿಪ್ಪಿನ ಹಿಂದೆ ಇನ್ನೂರು ಕಿಲೋ ಹತ್ತಿರ. ಎರಡು ಕ್ವಿಂಟಾಲ್ ರಾಗಿ!

ಹೆದರಬೇಡಿ. ಚಿಪ್ಪಿನ ಹಿಂದಿನ ಕಾರ್ಟಿಲೇಜ್ ಇಡೀ ಮೈಯಲ್ಲೇ ತುಂಬಾ ದಪ್ಪನಾದದ್ದು. ಈ ಒತ್ತಡಕ್ಕೆ ಅಂತಲೇ ಅದು ಇರುವುದು.

ಈಗ ಬಾವಿಗೇ ವಾಪಸ್ ಬರೋಣ. ತುಂಬಿದ ಕೊಡ ಮೇಲೆ ಎಳೆಯುವಾಗ ಏನಾಗುತ್ತದೆ? ತೋಳು ಸೋಲುತ್ತದೆ, ಉಸಿರು ಬರುತ್ತದೆ. ಅದೇ ತುಂಬಿದ ಕೊಡವನ್ನು ನಿಧಾನಕ್ಕೆ ಕೆಳಗೆ ಬಿಡಿ ಅಂದರೆ? ಉಸಿರು ಬರುವುದಿಲ್ಲ. ಅಂಗೈ ಸುಡುತ್ತದೆ. ಇಳಿಜಾರಿನಲ್ಲಿ ತೊಡೆ ಮಾಡುವುದು ಈ ಎರಡನೇ ಕೆಲಸ. ಮಾಂಸಖಂಡ ಬಿಗಿಯಾಗಿ ಹಿಡಿದುಕೊಂಡೇ ಉದ್ದವಾಗುತ್ತಾ ಹೋಗಬೇಕು. ಬಿಟ್ಟರೆ ಮುಗ್ಗರಿಸುತ್ತೇವೆ. ಹೀಗೆ ಹಿಡಿದುಕೊಂಡೇ ಬಿಡುವ ಕೆಲಸದಲ್ಲಿ ಮಾಂಸಖಂಡದ ಎಳೆಗಳಿಗೆ ಸಣ್ಣ ಸಣ್ಣ ಗಾಯಗಳಾಗುತ್ತವೆ. ಆ ನೋವು ಅವತ್ತೇ ಬರುವುದಿಲ್ಲ. ಒಂದು ದಿನ ಬಿಟ್ಟು ಶುರುವಾಗಿ ಎರಡನೇ, ಮೂರನೇ ದಿನ ಜೋರಾಗುತ್ತದೆ. ಕಕ್ಕಸಿನ ಗೋಡೆ ನೆನಪಾಗುವುದು ಆಗಲೇ.

ಅಳತೆ ಬೇಕು ಅನ್ನುವವರಿಗೆ ಒಂದು ಅಳತೆ ಕೊಡುತ್ತೇನೆ. 2005ರಲ್ಲಿ ಅಮೆರಿಕದ ಕೊಲರಾಡೊದಲ್ಲಿ ಗಾಟ್‌ಶಾಲ್ ಮತ್ತು ಕ್ರಾಮ್ ಅನ್ನುವ ಇಬ್ಬರು ಒಂದು ಪ್ರಯೋಗ ಪ್ರಕಟಿಸಿದರು. ಟ್ರೆಡ್‌ಮಿಲ್ಲನ್ನು ಓರೆ ಮಾಡಿ, ನೆಲಕ್ಕೆ ಬೀಳುವ ಏಟನ್ನು ಅಳೆದರು. ಓಟದ ವೇಗ ಸೆಕೆಂಡಿಗೆ 3 ಮೀಟರ್. ಅಂದರೆ ಕಿಲೋಮೀಟರಿಗೆ ಐದೂವರೆ ನಿಮಿಷ, ನಿಮ್ಮಲ್ಲಿ ಬಹಳ ಜನರ ವೇಗ ಇದೇ. 9 ಡಿಗ್ರಿ ಇಳಿಜಾರಿನಲ್ಲಿ, ಪಾದ ನೆಲಕ್ಕೆ ತಾಗಿದಾಗಿನ ಮೊದಲ ಏಟು ಸಮತಟ್ಟಿಗಿಂತ ಶೇ. 54ರಷ್ಟು ಜಾಸ್ತಿಯಾಯಿತು. ಮುಂದಕ್ಕೆ ಜಾರುವ ಮೈಯನ್ನು ಹಿಂದಕ್ಕೆ ತಡೆಯುವ ಬಲ, ನಾವು ಬ್ರೇಕ್ ಅನ್ನೋಣ, ಅದು ಶೇ. 73 ಏರಿತು. ಅಷ್ಟೇ ಓರೆಯ ಏರಿನಲ್ಲಿ ಆ ಮೊದಲ ಏಟು ಹೆಚ್ಚು ಕಡಿಮೆ ಮಾಯ. ಅಲ್ಲಿ ಜಾಸ್ತಿಯಾದದ್ದು ಮೈಯನ್ನು ಮುಂದೆ ತಳ್ಳುವ ಬಲ, ಶೇ. 75.

9 ಡಿಗ್ರಿ ಅಂದರೆ ನೂರು ಮೀಟರ್ ಮುಂದೆ ಹೋದರೆ ಹದಿನಾರು ಮೀಟರ್ ಕೆಳಗೆ. ನಂದಿಯ ಡಾಂಬರು ರಸ್ತೆ ಉದ್ದಕ್ಕೂ ಇಷ್ಟು ಕಡಿದಾಗಿಲ್ಲ. ಆದರೆ ಹೇರ್‌ಪಿನ್ ತಿರುವಿನ ಒಳಮೈಯಲ್ಲಿ ಓಡಿ ನೋಡಿ, ಅಲ್ಲಿ ರಸ್ತೆ ಒಮ್ಮೆಲೇ ಬೀಳುತ್ತದೆ. ಸುಲ್ತಾನ್‌ಪೇಟೆ ಕಡೆಯ ಹಳೇ ಮೆಟ್ಟಿಲುಗಳಂತೂ ಬೇರೆಯೇ ಕಥೆ. 1,175 ಮೆಟ್ಟಿಲು ಅಂತಾರೆ. ಸ್ಕಂದಗಿರಿಯ ಕಲ್ಲು ದಾರಿ ಅದಕ್ಕಿಂತ ಕಷ್ಟ, ಅಲ್ಲಿ ಓಡುವ ಹುಡುಗರನ್ನು ಕಂಡರೆ ನನ್ನ ಎದೆ ಡವಡವ ಅನ್ನುತ್ತದೆ.

ಒಂದು ಕಿಲೋಮೀಟರಿಗೆ ಸಾವಿರದ ಹತ್ತಿರ ಹೆಜ್ಜೆ. ಐದು ಕಿಲೋಮೀಟರ್ ಇಳಿದರೆ ಒಂದೊಂದು ಮಂಡಿಗೂ ಎರಡೂವರೆ ಸಾವಿರ ಬ್ರೇಕ್. ಒಂದೊಂದು ಏಟು ದೊಡ್ಡದೇನಲ್ಲ. ಲೆಕ್ಕ ಕೂಡಿದಾಗ ಗೊತ್ತಾಗುತ್ತದೆ.

ಇನ್ನು ಉಸಿರಿನ ಸುಳ್ಳು. ಮಿನೆಟ್ಟಿ ಅನ್ನುವ ಇಟಲಿಯ ವಿಜ್ಞಾನಿ ಮತ್ತು ಜೊತೆಗಾರರು 2002ರಲ್ಲಿ ಬೆಟ್ಟದ ಓಟಗಾರರನ್ನು ಬೇರೆ ಬೇರೆ ಓರೆಯಲ್ಲಿ ಓಡಿಸಿ, ಎಷ್ಟು ಶಕ್ತಿ ಖರ್ಚಾಗುತ್ತದೆ ಅಂತ ಅಳೆದರು. ನೂರಕ್ಕೆ ಇಪ್ಪತ್ತರ ಇಳಿಜಾರಿನಲ್ಲಿ ಖರ್ಚು ಎಲ್ಲಕ್ಕಿಂತ ಕಮ್ಮಿ. ಸಮತಟ್ಟಿನ ಓಟದ ಅರ್ಧದಷ್ಟು! ಈಗ ಎರಡೂ ಅಳತೆಯನ್ನು ಪಕ್ಕ ಪಕ್ಕ ಇಟ್ಟು ನೋಡಿ. ಮಂಡಿಗೂ ತೊಡೆಗೂ ಜಾಸ್ತಿ ಏಟು ಬೀಳುವ ಕಡೆಯೇ ಉಸಿರಿಗೆ ಖರ್ಚು ಕಮ್ಮಿ. ಕೈಯಲ್ಲಿರುವ ವಾಚು ಎದೆಬಡಿತ ನೋಡಿ "ಇವತ್ತು ಹಗುರ ಓಟ" ಅಂತ ತೋರಿಸುತ್ತದೆ. ವಾಚಿಗೇನು ಗೊತ್ತು ಮಂಡಿಯ ಕಷ್ಟ.

ದಕ್ಷಿಣ ಆಫ್ರಿಕಾದಲ್ಲಿ ಕಾಮ್ರೇಡ್ಸ್ ಅನ್ನುವ ಓಟವಿದೆ. 1921ರಿಂದ ನಡೆಯುತ್ತಿದೆ, 90 ಕಿಲೋಮೀಟರ್ ಆಸುಪಾಸು. ಸಾಮಾನ್ಯವಾಗಿ ಒಂದು ವರ್ಷ ಸಮುದ್ರದಂಡೆಯ ಡರ್ಬನ್‌ನಿಂದ ಮೇಲಕ್ಕೆ, ಮತ್ತೊಂದು ವರ್ಷ ಮೇಲಿನ ಊರಿನಿಂದ ಡರ್ಬನ್‌ಗೆ ಕೆಳಕ್ಕೆ. ಕೆಳಕ್ಕೆ ಓಡುವ ವರ್ಷ ಟೈಮ್ ಚೆನ್ನಾಗಿ ಬರುತ್ತದೆ, ಕಾಲು ಮಾತ್ರ ಹಣ್ಣಾಗುತ್ತದೆ ಅನ್ನುವುದು ಅಲ್ಲಿ ಓಡಿದವರ ಮಾತು.

ಹಾಗಾದರೆ ಹತ್ತುವುದರಿಂದ ಏನೂ ತೊಂದರೆ ಇಲ್ವಾ? ಇದೆ, ಜಾಗ ಬೇರೆ. ಏರಿನಲ್ಲಿ ಭಾರವೆಲ್ಲ ಪಿರ್ರೆ, ಮೀನಖಂಡ ಮತ್ತು ಹಿಮ್ಮಡಿಯ ಮೇಲಿನ ದಪ್ಪ ಹುರಿಗೆ ಬೀಳುತ್ತದೆ. ಹಿಮ್ಮಡಿ ನೋವು ಇರುವವರು ಏರಿನಲ್ಲಿ ಹುಷಾರಾಗಿರಬೇಕು. ಮಂಡಿ ನೋವಿನವರಿಗೆ ಸಣ್ಣ ಏರು ಎಷ್ಟೋ ಸಲ ಸಮತಟ್ಟಿಗಿಂತ ಹಿತ. ನನ್ನ ಹತ್ತಿರ ಬರುವವರಿಗೆ ಮತ್ತೆ ಓಟ ಶುರು ಮಾಡಿಸುವಾಗ ನಾನು ಮೊದಲು ಏರಿನಲ್ಲೇ ಓಡಿಸುತ್ತೇನೆ. ಇಳಿಯುವಾಗ ನಡೆದುಕೊಂಡು ಬನ್ನಿ ಅನ್ನುತ್ತೇನೆ. ಕೇಳುವವರು ಅರ್ಧ ಜನ.

ಇಳಿಯುವ ವಿದ್ಯೆಯನ್ನು ನನಗೆ ಕಲಿಸಿದ್ದು ಪುಸ್ತಕ ಅಲ್ಲ, ಒಬ್ಬ ಲಾರಿ ಡ್ರೈವರ್. ಚಿಂತಾಮಣಿ ಕಡೆಯವರು. ಟೊಮೆಟೊ ಲೋಡು ಹೊಡೆಯುತ್ತಾರೆ. ಸೊಂಟ ನೋವಿಗೆ ಬಂದಿದ್ದರು. ನನ್ನ ಮಂಡಿ ಕಥೆ ಕೇಳಿ, "ಘಾಟಿಯಲ್ಲಿ ನಾವು ಯಾವ ಗೇರಿನಲ್ಲಿ ಹತ್ತಿರ್ತೀವೋ ಅದೇ ಗೇರಿನಲ್ಲಿ ಇಳೀತೀವಿ ಸಾರ್. ನ್ಯೂಟ್ರಲ್ ಹಾಕಿ ಬ್ರೇಕ್ ನಂಬ್ಕೊಂಡ್ರೆ ಲೈನರ್ ಸುಟ್ಟು ವಾಸನೆ ಬರುತ್ತೆ" ಅಂದರು. ನಾನು ಅವತ್ತು ನ್ಯೂಟ್ರಲ್‌ನಲ್ಲಿ ಇಳಿದಿದ್ದೆ. ದೊಡ್ಡ ದೊಡ್ಡ ಹೆಜ್ಜೆ, ಒಂದೊಂದು ಹೆಜ್ಜೆಗೂ ಗಟ್ಟಿ ಬ್ರೇಕ್.

ಕಾಲಿನ ಮಟ್ಟಿಗೆ ಕಮ್ಮಿ ಗೇರು ಅಂದರೆ ಚಿಕ್ಕ ಹೆಜ್ಜೆ. ವೇಗ ಅಷ್ಟೇ ಇರಲಿ, ನಿಮಿಷಕ್ಕೆ ಹಾಕುವ ಹೆಜ್ಜೆಗಳನ್ನು ನೂರಕ್ಕೆ ಐದೋ ಹತ್ತೋ ಜಾಸ್ತಿ ಮಾಡಿದರೆ ಮಂಡಿ ನುಂಗಬೇಕಾದ ಏಟು ಚೆನ್ನಾಗಿಯೇ ಇಳಿಯುತ್ತದೆ. ಇದನ್ನು ಅಳೆದು ನೋಡಿದ್ದಾರೆ. ನೀವು ನಿಮಿಷಕ್ಕೆ 160 ಹೆಜ್ಜೆ ಹಾಕುವವರಾದರೆ 170ರ ಹತ್ತಿರ ತನ್ನಿ. ಪಾದ ಮೈಗಿಂತ ಬಹಳ ಮುಂದೆ ಬೀಳದೆ ಸೊಂಟದ ಕೆಳಗೇ ಬೀಳುತ್ತದೆ, ಗುಟ್ಟು ಅಲ್ಲೇ ಇರುವುದು. ತಲೆಯ ಮೇಲೆ ಹುಲ್ಲಿನ ಹೊರೆ ಇಟ್ಟುಕೊಂಡು ಗುಡ್ಡ ಇಳಿಯುವ ಹೆಂಗಸರನ್ನು ನೋಡಿದ್ದೀರಲ್ವಾ? ಪುಟುಪುಟು ಹೆಜ್ಜೆ, ಮಂಡಿ ಸ್ವಲ್ಪ ಸಡಿಲ, ಅಡ್ಡಡ್ಡ ದಾರಿ. ಅವರಿಗೆ ಇದನ್ನೆಲ್ಲ ಯಾರೂ ಹೇಳಿಕೊಟ್ಟಿಲ್ಲ.

ಇನ್ನೊಂದು, ಹಿಂದಕ್ಕೆ ವಾಲಬೇಡಿ. ಇಳಿಜಾರು ಕಂಡರೆ ಹೆದರಿಕೆಗೆ ಮೈ ತಾನಾಗಿ ಹಿಂದೆ ಹೋಗುತ್ತದೆ. ಹೋದರೆ ಕಾಲು ನೆಟ್ಟಗೆ ಮುಂದೆ ಚಾಚಿ ಹಿಮ್ಮಡಿ ದಪ್ ಅಂತ ಬೀಳುತ್ತದೆ, ಏಟೆಲ್ಲ ಮಂಡಿಗೆ. ಎದೆ ಒಂದು ಚೂರು ಮುಂದಿದ್ದರೆ ಸೊಂಟದ ಮಾಂಸಖಂಡಗಳೂ ಭಾರದಲ್ಲಿ ಪಾಲು ತೆಗೆದುಕೊಳ್ಳುತ್ತವೆ. ಒಂದು ಚೂರು ಅಂದೆ. ಮುಖ ಅಡಿಯಾಗಿ ಬಿದ್ದು ಬಂದು ನನ್ನ ಹೆಸರು ಹೇಳಬೇಡಿ.

ಶೂ ಬಗ್ಗೆ ಜಾಸ್ತಿ ಮಾತಾಡುವುದಿಲ್ಲ. ಅಳತೆ ಸರಿ ಇರಲಿ, ಇಳಿಯುವಾಗ ಬೆರಳು ಮುಂದೆ ತಾಗದಿರಲಿ, ಅಷ್ಟು ಸಾಕು. ಹತ್ತು ಸಾವಿರದ ಶೂ ಹಾಕಿಕೊಂಡು ನ್ಯೂಟ್ರಲ್‌ನಲ್ಲಿ ಇಳಿದರೆ ಹತ್ತು ಸಾವಿರ ದಂಡ.

ಅಭ್ಯಾಸ ಹೇಗೆ ಅಂತ ಕೇಳುತ್ತೀರಿ. ಮೈಗೆ ಒಂದು ಒಳ್ಳೆಯ ಗುಣ ಇದೆ. ಒಂದು ಸಲ ಸ್ವಲ್ಪ ಇಳಿಜಾರು ಓಡಿ, ಆ ನೋವು ಅನುಭವಿಸಿ, ವಾಸಿಯಾದ ಮೇಲೆ ಅದೇ ಓಟ ಮತ್ತೆ ಓಡಿದರೆ ಅಷ್ಟು ನೋಯುವುದಿಲ್ಲ. ಆ ರಕ್ಷಣೆ ಕೆಲವು ವಾರ ಇರುತ್ತದೆ. ಲಸಿಕೆ ಇದ್ದ ಹಾಗೆ. ಹಾಗಾಗಿ ಮೊದಲನೇ ದಿನವೇ ಬೆಟ್ಟದ ತುದಿಯಿಂದ ಓಡುವುದು ಬೇಡ. ಕೆಳಗಿನ ಅರ್ಧ ಕಿಲೋಮೀಟರ್ ಸಾಕು. ಹತ್ತು ದಿನ ಬಿಟ್ಟು ಒಂದು ಕಿಲೋಮೀಟರ್. ಮಧ್ಯೆ ಮನೆಯ ಮೆಟ್ಟಿಲಿನ ಮೇಲೆ ಒಂದು ವ್ಯಾಯಾಮ ಮಾಡಿ. ಒಂದು ಕಾಲು ಮೆಟ್ಟಿಲಿನ ಮೇಲಿರಲಿ. ಇನ್ನೊಂದು ಕಾಲನ್ನು ಒಂದು, ಎರಡು, ಮೂರು ಎಣಿಸುತ್ತಾ ನಿಧಾನವಾಗಿ ಕೆಳಗೆ ಬಿಡಿ, ಹಿಮ್ಮಡಿ ನೆಲಕ್ಕೆ ಸೋಕಿಸಿ, ಮತ್ತೆ ಮೇಲೆ ಬನ್ನಿ. ಮಂಡಿ ಒಳಕ್ಕೆ ವಾಲಬಾರದು. ಕಾಲಿಗೆ ಹತ್ತು, ವಾರಕ್ಕೆ ಮೂರು ದಿನ. ತುಂಬಿದ ಕೊಡವನ್ನು ಕೆಳಗೆ ಬಿಡುವುದನ್ನು ತೊಡೆಗೆ ಕಲಿಸುವುದು ಹೀಗೆ.

(ಇಲ್ಲಿಂದ ಮುಂದೆ ಪ್ರಶ್ನೆಗಳು.)

ಹಿರಿಯರೊಬ್ಬರು ಎದ್ದು ನಿಂತು, ಓಡಿದರೆ ಮಂಡಿ ಸವೆಯುವುದಿಲ್ಲವಾ, ಸುಮ್ನೆ ಯಾಕೆ ಈ ಹುಡುಗರನ್ನು ಓಡಿಸುತ್ತೀರಿ ಅಂತ ಕೇಳಿದರು. ಇದು ಎಲ್ಲರ ಮನಸ್ಸಿನಲ್ಲಿ ಇರುವ ಪ್ರಶ್ನೆ. 2017ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ಲೆಕ್ಕ ಹೇಳಿದೆ. ಹವ್ಯಾಸಕ್ಕೆ ಓಡುವವರಲ್ಲಿ ಮಂಡಿ ಅಥವಾ ಸೊಂಟದ ಕೀಲು ಸವೆತ ಶೇ. 3.5. ಓಡದೆ ಕೂತಿರುವವರಲ್ಲಿ ಶೇ. 10.2. ಸ್ಪರ್ಧೆಗೆ ಅಂತ ಭಾರಿ ಓಡುವವರಲ್ಲಿ ಶೇ. 13.3. ಓಡಿದ್ದರಿಂದಲೇ ಮಂಡಿ ಉಳಿಯಿತು ಅಂತ ಇದರಿಂದ ಹೇಳುವ ಹಾಗಿಲ್ಲ. ಮಂಡಿ ಚೆನ್ನಾಗಿದ್ದವರೇ ಓಟ ಮುಂದುವರಿಸಿರಬಹುದು. ಆದರೆ ಮಿತವಾಗಿ ಓಡಿದರೆ ಸವೆಯುತ್ತದೆ ಅನ್ನುವ ಮಾತಿಗಂತೂ ಇದರಲ್ಲಿ ಆಧಾರ ಇಲ್ಲ. ಕಾರ್ಟಿಲೇಜಿಗೆ ರಕ್ತನಾಳ ಇಲ್ಲ. ಭಾರ ಬಿದ್ದಾಗ ಹಿಂಡಿ, ಬಿಟ್ಟಾಗ ಕೀಲಿನ ದ್ರವವನ್ನು ಸ್ಪಂಜಿನ ಹಾಗೆ ಹೀರುತ್ತದೆ. ಅದರ ಊಟವೇ ಅದು. ಕೂತೇ ಇದ್ದರೆ ಉಪವಾಸ. "ಗ್ರೀಸ್ ಖಾಲಿ" ಅನ್ನುವ ಆ ತಾಯಿಗೂ ನಾನು ಇದನ್ನೇ ಹೇಳಿದ್ದು. ಈಗ ದಿನಾ ಎರಡು ಕಿಲೋಮೀಟರ್ ನಡೆಯುತ್ತಾರೆ. ಆಷಾಢದಲ್ಲಿ ನಂದಿ ಗಿರಿಪ್ರದಕ್ಷಿಣೆಗೂ ಹೋಗಿ ಬಂದರು.

ಪೊಲೀಸ್ ನೇಮಕಾತಿಗೆ ಓದುತ್ತಿರುವ ಒಬ್ಬ ತಮ್ಮ, 1600 ಮೀಟರ್ ಓಟಕ್ಕೆ ಇಳಿಜಾರಿನಲ್ಲಿ ಓಡಿದರೆ ಸ್ಪೀಡ್ ಬರುತ್ತದೆ ಅಂತ ಯೂಟ್ಯೂಬ್‌ನಲ್ಲಿ ನೋಡಿದೆ, ದಿನಾ ಮಾಡಬಹುದಾ ಅಂದ. ದಿನಾ ಬೇಡ. ಪರೀಕ್ಷೆ ನಡೆಯುವುದು ಸಮತಟ್ಟಾದ ಟ್ರ್ಯಾಕಿನಲ್ಲಿ. ವಾರಕ್ಕೊಮ್ಮೆ ಏರು ಓಡು, ಇಳಿಯುವಾಗ ನಡಿ. ಪರೀಕ್ಷೆಗೆ ಎರಡು ವಾರ ಇರುವಾಗ ಹೊಸದಾಗಿ ಇಳಿಜಾರಿಗೆ ಕೈ ಹಾಕಲೇಬೇಡ.

ಜಿಮ್ಮಿನ ಟ್ರೆಡ್‌ಮಿಲ್ಲನ್ನು ಏರಿಸಿ ಓಡಿದರೆ ಬೆಟ್ಟಕ್ಕೆ ತಯಾರಿ ಆಗುತ್ತದಾ ಅಂತ ಇನ್ನೊಬ್ಬರು. ಅರ್ಧ ತಯಾರಿ. ಹೆಚ್ಚಿನ ಟ್ರೆಡ್‌ಮಿಲ್‌ಗಳು ಹತ್ತಿಸುತ್ತವೆ, ಇಳಿಸುವುದಿಲ್ಲ.

ಒಬ್ಬ ಹುಡುಗಿಗೆ ಮಂಡಿಯ ಹೊರಮೈಯಲ್ಲಿ ನೋವು. ಮೂರನೇ ಕಿಲೋಮೀಟರಿಗೆ ಸರಿಯಾಗಿ ಶುರು, ಇಳಿಜಾರಿನಲ್ಲಿ ಜಾಸ್ತಿ, ನಿಂತರೆ ಹೋಗುತ್ತದೆ. ಸೊಂಟದಿಂದ ಮಂಡಿಯ ಹೊರಗೆ ಇಳಿಯುವ ಪಟ್ಟಿಯ ಕಿರಿಕಿರಿ ಇರಬಹುದು ಅಂದೆ, ಆದರೆ ಕೈಯಿಂದ ಮುಟ್ಟಿ ನೋಡದೆ ಖಚಿತ ಹೇಳಲಿಲ್ಲ. ಯಾವ ರಸ್ತೆ, ಯಾವ ಅಂಚು ಅಂತ ವಿಚಾರಿಸಿದರೆ ದಿನಾ ಒಂದೇ ಅಂಚಿನಲ್ಲಿ ಓಡುತ್ತಾಳೆ. ರಸ್ತೆ ನಡುವೆ ಎತ್ತರ, ಅಂಚು ತಗ್ಗು. ಅಂದರೆ ಒಂದು ಕಾಲು ದಿನಾ ತಗ್ಗಿನಲ್ಲಿ. ಇದೂ ಒಂದು ಇಳಿಜಾರೇ, ಅಡ್ಡದ್ದು. ಒಂದಷ್ಟು ದಿನ ಜಿಲ್ಲಾ ಕ್ರೀಡಾಂಗಣದ ಒಳಗೆ ಓಡಮ್ಮ, ಅಲ್ಲೂ ಒಂದು ದಿನ ಬಿಟ್ಟು ಒಂದು ದಿನ ದಿಕ್ಕು ಬದಲಿಸು ಅಂದೆ.

ಇಲ್ಲಿ ಒಂದು ಎಚ್ಚರಿಕೆ ಸೇರಿಸಿದೆ. ಮಂಡಿ ಊದಿಕೊಂಡರೆ, ಮಡಿಸಿದ್ದು ಬಿಡಿಸಲಾಗದೆ ಸಿಕ್ಕಿಕೊಂಡರೆ, ನಡೆಯುವಾಗ ದಬಕ್ ಅಂತ ಕೈಕೊಟ್ಟರೆ, ರಾತ್ರಿ ಮಲಗಿದಾಗಲೂ ನೋವು ಎಬ್ಬಿಸಿದರೆ, ಹೆಜ್ಜೆ ಚಿಕ್ಕದು ಮಾಡುತ್ತಾ ಕೂರಬೇಡಿ. ಮೂಳೆ ಡಾಕ್ಟರ ಹತ್ತಿರ ಹೋಗಿ.

ಕೊನೆಗೆ ಹಿಂದಿನ ಸಾಲಿನಿಂದ ಒಬ್ಬರು ನಗುತ್ತಾ ಕೇಳಿದರು. "ಸಾರ್, ಬೆಟ್ಟ ಓಡಿ ಹತ್ತಿ, ಬಸ್ಸಿನಲ್ಲಿ ಇಳಿದು ಬಂದರೆ ಮರ್ಯಾದೆ ಹೋಗುತ್ತಾ?"

ನಾನು ತಿಂಗಳಿಗೆ ಮೂರು ಸಲ ಹಾಗೇ ಬರುತ್ತೇನೆ ಅಂದೆ. ನಾಲ್ಕನೇ ಸಲ ಮಾತ್ರ ಕಾಲಿನಲ್ಲಿ ಇಳಿಯುತ್ತೇನೆ, ಅದೂ ಹತ್ತಿದ ಗೇರಿನಲ್ಲಿ. ಹಾಗಾಗಿ ಓಡುವ ಚಡ್ಡಿಯ ಜೇಬಿನಲ್ಲಿ ಯಾವಾಗಲೂ ಬಸ್ ಚಾರ್ಜ್ ಇರುತ್ತದೆ. ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಇಟ್ಟುಕೊಳ್ಳಿ. ಬೆವರಿಗೆ ನೆನೆದ ನೋಟು ಕೊಟ್ಟರೆ ಕಂಡಕ್ಟರ್ ಬೈಯುತ್ತಾರೆ.